ಇಬ್ಬರು ಓಗೊಟ್ಟ ಹೆಸರು

ಹೋದ ಭಾನುವಾರ ಅನಘಾ ಬಂದಿದ್ದಳು. ಅರೋರಾದಲ್ಲಿ ಹುಟ್ಟಿ ಬೆಳೆದ ಹುಡುಗಿ, ಪುಟ್ಟ ಮಕ್ಕಳ ಶಿಕ್ಷಣವನ್ನೇ ಓದಿಕೊಂಡವಳು. ಬರುವ ತಿಂಗಳು ತಾಂಜಾನಿಯಾಕ್ಕೆ ಹೊರಟಿದ್ದಾಳೆ. ಅಲ್ಲಿ ದೊಡ್ಡ ಸರೋವರದ ದಂಡೆಯ ಒಂದು ಹಳ್ಳಿಯಲ್ಲಿ ನಾನು ಹನ್ನೊಂದು ವರ್ಷ ನಡೆಸಿದ ಮಕ್ಕಳ ಕೇಂದ್ರವನ್ನು ಇನ್ನು ಅವಳು ನಡೆಸಬೇಕು. ಸ್ಕೋಕಿಯ ನನ್ನ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜು ಒಂದು, ಕುರ್ಚಿ ಎರಡು. ಎರಡನೆಯ ಕುರ್ಚಿಯಲ್ಲಿ ಯಾರಾದರೂ ಕೂತು ಬಹಳ ದಿನವಾಗಿತ್ತು.

"ಆಂಟಿ, ನಂಗೆ ಟಾಪ್ ಟೆನ್ ಟಿಪ್ಸ್ ಹೇಳಿ, ಟೈಪ್ ಮಾಡ್ಕೋತೀನಿ," ಎಂದು ಲ್ಯಾಪ್‌ಟಾಪ್ ತೆರೆದಳು.

"ನೀರು ಕುದಿಸಿ ಆರಿಸು. ಸೊಳ್ಳೆಪರದೆ ಹರಿದ್ರೆ ಅವತ್ತೇ ಹೊಲಿ."

"ಅದೆಲ್ಲ ಹ್ಯಾಂಡ್‌ಬುಕ್‌ನಲ್ಲೇ ಇದೆ ಆಂಟಿ."

"ಹಾಗಾದ್ರೆ ಮುಗೀತಲ್ಲ. ನನ್ನ ಹತ್ರ ಉಳಿದಿರೋದು ಮಾಡಿದ ತಪ್ಪುಗಳು ಮಾತ್ರ."

"ತಪ್ಪುಗಳೇ ಬೆಟರ್! ಹೇಳಿ, ಹೇಳಿ."

ಹೇಳಲಾಗಲಿಲ್ಲ. ಕಾಫಿ ಕುಡಿಸಿ, ಕೋಡುಬಳೆ ಕಟ್ಟಿಕೊಟ್ಟು ಕಳಿಸಿದೆ. ಅವಳ ಪಟ್ಟಿ ಎರಡನೆಯ ಸಾಲಿಗೇ ನಿಂತಿತು. ಆ ಎಳೆಯ ಮುಖದ ಎದುರು ಬಾಯಿಗೆ ಬಾರದ್ದನ್ನು ಬರೆದಾದರೂ ಕೊಡೋಣವೆಂದು ಕೂತಿದ್ದೇನೆ. ಅವಳ ಹ್ಯಾಂಡ್‌ಬುಕ್ಕಿನಲ್ಲಿ ಒಂದು ನಿಯಮವಿದೆ: ಕೇಂದ್ರದ ಸಿಬ್ಬಂದಿ ಯಾವ ಮಗುವಿಗೂ ತಮ್ಮ ಕೈಯಿಂದ ಉಣ್ಣಿಸಬಾರದು. ಅದು ಎಲ್ಲಿಂದ ಬಂತೆಂದು ಅಲ್ಲಿ ಬರೆದಿಲ್ಲ. ಬಂದದ್ದು ನನ್ನಿಂದ.

ನಾನು ಮದುವೆಯಾಗಲಿಲ್ಲ. ಮೈಸೂರಿನಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದೆ. ಅಕ್ಕ ಕರೆಸಿಕೊಂಡಳೆಂದು ಸ್ಕೋಕಿಗೆ ಬಂದು ಒಂದು ಡೇಕೇರಿಗೆ ಸೇರಿದೆ. ಅಲ್ಲಿಂದ ಓಕ್ ಬ್ರೂಕ್‌ನ ಕ್ರೈಸ್ತ ಮಿಷನ್ ಕಚೇರಿಗೆ. ತಾಂಜಾನಿಯಾದ ಆ ಕೇಂದ್ರ ಅವರದೇ. ಸಂಜೆ ದೇವರಿಗೆ ದೀಪ ಹಚ್ಚುವವಳನ್ನು ಮಿಷನ್ನಿನವರು ಹೇಗೆ ತೆಗೆದುಕೊಂಡರೆಂದು ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಈಗಲೂ ಕೇಳುವವರಿದ್ದಾರೆ. ಅಲ್ಲಿನ ನಿರ್ದೇಶಕಿ ಕ್ಯಾರೊಲ್ ನನ್ನ ದೇವರ ಬಗ್ಗೆ ಕೇಳಲೇ ಇಲ್ಲ. ಕೇಳಿದ್ದು ಎರಡೇ ಪ್ರಶ್ನೆ: ಹತ್ತು ಮಕ್ಕಳು ಒಟ್ಟಿಗೆ ಅತ್ತರೆ ಯಾವುದನ್ನು ಮೊದಲು ಎತ್ತಿಕೊಳ್ಳುತ್ತೀರಿ? ಒಬ್ಬರೇ ಇರಲು ನಿಮಗೆ ಬರುತ್ತದೆಯೇ? ಬರುತ್ತದೆ ಎಂದೆ. ನನ್ನ ಮೊದಲನೆಯ ತಪ್ಪು ಅದೇ ಇರಬೇಕು.

ಕೇಂದ್ರವೆಂದರೆ ತಗಡಿನ ಮಾಡಿನ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಉಗ್ರಾಣ, ನಡುವೆ ಮಾವಿನ ಮರದ ಅಂಗಳ. ಮೂವತ್ತೆಂಟು ಮಕ್ಕಳು, ಎಲ್ಲವೂ ಐದು ವರ್ಷದೊಳಗಿನವು. ಬೆಳಿಗ್ಗೆ ಆರಕ್ಕೆ ಗಂಜಿಯ ಹಂಡೆ ಒಲೆಗೇರುತ್ತಿತ್ತು. ಆ ಗಂಜಿಗೆ ಅವರು 'ಉಜಿ' ಎನ್ನುತ್ತಾರೆ. ಮೊದಲ ದಿನ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನು ನಿಂತಲ್ಲೇ ನಿಂತೆ. ರಾಗಿ! ಏಳಕ್ಕೆ ಮಕ್ಕಳು ಬರುತ್ತಿದ್ದವು. ಕೈ ತೊಳೆಸುವುದು, ಗಂಜಿ, ಹಾಡು, ಮರಳಾಟ, ಮಧ್ಯಾಹ್ನ ಜೋಳದ ಹಿಟ್ಟಿನ ಮುದ್ದೆ ಮತ್ತು ಹುರುಳಿಕಾಯಿ ಬೀಜದ ಸಾರು, ಆಮೇಲೆ ಚಾಪೆಯ ಮೇಲೆ ನಿದ್ದೆ. ನಾಲ್ಕಕ್ಕೆ ಅಜ್ಜಿಯರೋ ಅಕ್ಕಂದಿರೋ ಬಂದು ಕರೆದೊಯ್ಯುತ್ತಿದ್ದರು.

ಅನಘಾ, ಆ ನಾಲ್ಕು ಗಂಟೆಯ ವಿಷಯ ನಿನಗೆ ಯಾರೂ ಹೇಳಿರುವುದಿಲ್ಲ. ಅಂಗಳದ ಮಣ್ಣಿನ ತುಂಬ ಪುಟ್ಟ ಪಾದಗಳ ಗುರುತು, ಮೇಲೊಂದು ಕಾಗೆ, ಆಚೆ ಸರೋವರದ ಬೆಳಕು. ಅಷ್ಟೆ. ಮುಂದಿನ ಹದಿನೈದು ಗಂಟೆ ನಿನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರುವುದಿಲ್ಲ. ಭಾನುವಾರ ಅಕ್ಕನಿಗೆ ಫೋನ್ ಮಾಡಿದರೆ ಅವಳು ಕಾರು ಓಡಿಸುತ್ತಾ ಮಾತಿನ ನಡುವೆ, "ಒಂದ್ನಿಮಿಷ ಇರೇ, ಎಕ್ಸಿಟ್ ಮಿಸ್ ಆಯ್ತು," ಎನ್ನುವಳು. ಆ ಒಂದು ನಿಮಿಷ ಮುಗಿಯುವುದರೊಳಗೆ ಲೈನ್ ಹೋಗಿರುತ್ತಿತ್ತು.

ಮೊದಲ ವಾರವೇ ಒಂದು ಎಡವಟ್ಟು ಮಾಡಿಕೊಂಡೆ. ಮಕ್ಕಳಿಗೆ ರುಚಿಯಾಗಲೆಂದು ಆ ಹುರುಳಿಕಾಯಿ ಬೀಜಕ್ಕೆ ಹುಣಸೆಹಣ್ಣು, ಮೆಣಸಿನ ಪುಡಿ ಹಾಕಿ ಮೈಸೂರಿನ ಹುಳಿ ಮಾಡಿದೆ. ಮೂವತ್ತೆಂಟು ಮಕ್ಕಳೂ ಒಟ್ಟಿಗೆ ಉಗಿದವು. ಅಡುಗೆಯ ಮಾಮಾ ಜುಮಾ ಎಂಬಾಕೆ ಒಂದು ಚಮಚ ನೆಕ್ಕಿ ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಮ್ವಾಲಿಮು, ಇದು ಮಕ್ಕಳಿಗೋ, ಕಳ್ಳರ ಬಾಯಿ ಬಿಡಿಸೋದಕ್ಕೋ?"

ಮ್ವಾಲಿಮು ಎಂದರೆ ಟೀಚರಮ್ಮ. ಅವರೆಲ್ಲ ಆಡುತ್ತಿದ್ದುದು ಸ್ವಾಹಿಲಿ. ನನ್ನ ನೆನಪಿನಲ್ಲಿ ಅದು ನಮ್ಮ ಮನೆಯ ಕನ್ನಡವಾಗಿಯೇ ಉಳಿದುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ. ಆ ಕಡೆ ಒಂದು ಪದ್ಧತಿ ಇದೆ. ಹೆಣ್ಣಿಗೆ ಮಗುವಾದ ಮೇಲೆ ಅವಳನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ, ಮಗುವಿನ ಹೆಸರಿನಿಂದ ಕರೆಯುತ್ತಾರೆ. ಅಡುಗೆಯವಳ ಮಗ ಜುಮಾ, ಅವಳು ಮಾಮಾ ಜುಮಾ, ಎಂದರೆ ಜುಮಾನ ಅಮ್ಮ. ಊರಿನ ಹೆಂಗಸರೆಲ್ಲ ಮಾಮಾ ಯಾರೋ ಒಬ್ಬರು. ನಾನೊಬ್ಬಳು ಬರೀ ಮ್ವಾಲಿಮು.

ನೇಮಾ ಬಂದಾಗ ಅವಳಿಗೆ ಒಂದೂವರೆ ವರ್ಷ. ಅಜ್ಜಿ ಬೆನ್ನಿಗೆ ಕಟ್ಟಿಕೊಂಡು ತಂದಿದ್ದಳು. ಅಲ್ಲಿ ಅಜ್ಜಿಗೆ ಬೀಬಿ ಎನ್ನುತ್ತಾರೆ. ಅವಳನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಹಾಗೆಯೇ ಅಂದೆ. ಮಗುವಿನ ತಾಯಿ ಜವಾದಿ ದೂರದ ಪಟ್ಟಣದಲ್ಲಿ ಯಾರದೋ ಮನೆಗೆಲಸಕ್ಕೆ ಹೋಗಿದ್ದಳು. ಬಸ್ಸಿನಲ್ಲಿ ಪೂರಾ ಒಂದು ಹಗಲಿನ ದಾರಿ, ಯಜಮಾನಿ ರಜೆ ಕೊಡುತ್ತಿರಲಿಲ್ಲ. ಎದೆಹಾಲು ಬಿಟ್ಟ ಮೇಲೆ ನೇಮಾ ಏನನ್ನೂ ತಿನ್ನುತ್ತಿರಲಿಲ್ಲ. ಕೈಕಾಲು ಕಡ್ಡಿ, ಕಣ್ಣು ಮಾತ್ರ ದೊಡ್ಡವು. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುವಳು. ಕ್ಲಿನಿಕ್ಕಿನ ನರ್ಸ್ ಅವಳ ತೋಳಿಗೆ ಪಟ್ಟಿ ಸುತ್ತಿ ಕೆಂಪು ಗೆರೆ ತೋರಿಸಿ, "ಹೀಗೇ ಹೋದ್ರೆ ಈ ಮಗು ಉಳಿಯಲ್ಲ," ಎಂದಳು.

ನನಗೆ ಗೊತ್ತಿದ್ದ ಔಷಧ ಒಂದೇ. ನಮ್ಮಜ್ಜಿ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದಳು. ನಾನು ನೇಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದೆಯನ್ನು ಸಾರಿನಲ್ಲಿ ಹಿಸುಕಿ, ಅಗುಳಿನಷ್ಟು ಒಣಮೀನು ಬೆರೆಸಿದೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ, ಮೊದಲ ದಿನ ಮೂರು ಸಲ ಸೋಪು ಹಾಕಿದರೂ ನನಗೇ ವಾಸನೆ ಹೊಡೆಯುತ್ತಿತ್ತು. ಅಜ್ಜಿಯ ಧಾಟಿಯಲ್ಲೇ ಹೇಳಿದೆ: "ಕಾಗೆಗೊಂದು, ಗುಬ್ಬಿಗೊಂದು, ಕೊಟ್ಟಿಗೆ ಕರುವಿಗೊಂದು. ಉಳಿದದ್ದು ಯಾರಿಗೆ?"

ನಾಲ್ಕನೆಯ ದಿನ ಅವಳು ಬಾಯಿ ತೆರೆದಳು. ತಿಂಗಳು ಕಳೆಯುವುದರೊಳಗೆ "ನಂಗೆ!" ಎಂದು ಕೂಗುವುದನ್ನು ಕಲಿತಳು. ಸುತ್ತಲಿನ ನೂರಾರು ಮೈಲಿಯಲ್ಲಿ ನನ್ನ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಡುವ ಜೀವ ಅದೊಂದೇ. ಇಡೀ ದಿನದಲ್ಲಿ ನನ್ನ ಭಾಷೆ ನನ್ನ ಬಾಯಿಗೆ ಬರುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಗಾಗಿ ನಾನು ಬೆಳಿಗ್ಗೆಯಿಂದ ಕಾಯತೊಡಗಿದ್ದೆ. ಮೈತುಂಬಿಕೊಂಡ ಮೇಲೆ ಅವಳಿಗೆ ತಾನೇ ತಿನ್ನಲು ಕಲಿಸಬೇಕಿತ್ತು. ಮಿಕ್ಕ ಮಕ್ಕಳಿಗೆಲ್ಲ ಕಲಿಸಿದ್ದೆ. ಅವಳೊಬ್ಬಳಿಗೆ ಇನ್ನೂ ಚಿಕ್ಕವಳು, ಇನ್ನೂ ಚಿಕ್ಕವಳು ಎಂದುಕೊಂಡೇ ಮೂರು ವರ್ಷ ತುಂಬಿಸಿಬಿಟ್ಟೆ.

ಹೆಸರು ಯಾರ ಬಾಯಲ್ಲಿ ಮೊದಲು ಬಂತೋ ಕಾಣೆ. ತಮಾಷೆಗೆ ಮಾಮಾ ಜುಮಾಳೇ ಅಂದಿರಬೇಕು: "ಮಾಮಾ ನೇಮಾ, ಉಪ್ಪು ಎಲ್ಲಿಟ್ಟೆ?" ನಾನು ಓ ಎಂದೆ. ಆಮೇಲೆ ಬಟ್ಟೆ ಒಗೆಯುವವಳು, ನೀರಿನ ಗಾಡಿಯವನು, ದಾರಿಯಲ್ಲಿ ಸಿಕ್ಕವರು, ಎಲ್ಲರ ಬಾಯಲ್ಲೂ ಅದೇ ಆಯಿತು. ಒಂದು ಸಂಜೆ ಬೀಬಿ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾ ನನ್ನ ಮುಖ ನೋಡದೆ ಹೇಳಿದಳು, "ಆ ಹೆಸರಿಗೆ ಒಬ್ಬಳು ಇದ್ದಾಳೆ, ಮ್ವಾಲಿಮು."

"ಸುಮ್ನೆ ತಮಾಷೆಗೆ ಅಲ್ವಾ ಬೀಬಿ," ಎಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅದೇ ಕಾಲಕ್ಕೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಪಾಟೀಲ ಡಾಕ್ಟರು ಬಂದರು. ಹುಬ್ಬಳ್ಳಿ ಕಡೆಯವರು, ಕೇಂದ್ರಕ್ಕೆ ಔಷಧಿ ಕಳಿಸುತ್ತಿದ್ದವರು, ಕಾಡುಪ್ರಾಣಿ ನೋಡಲು ಬಂದವರು ನಮ್ಮನ್ನೂ ನೋಡಿಕೊಂಡು ಹೋದರು. ಎರಡು ವರ್ಷದ ಮೇಲೆ ಎದುರೆದುರೇ ಕೇಳಿದ ಕನ್ನಡ ಅದು.

"ಅಕ್ಕಾರ, ನಿಮ್ಮ ಕೈಯಾಗ ಏನೈತ್ರಿ? ಈ ಹುಡುಗಿ ಹಕ್ಕಿ ಮರಿ ಬಾಯಿ ತಗದಂಗ ತಗೀತೈತಲ್ರೀ! ತಡೀರಿ, ಅಲ್ಲಾಡಬ್ಯಾಡ್ರಿ, ಒಂದು ಫೋಟೋ ಹೊಡೀತೇನಿ."

ಹೊಡೆದರು. ನಾನು ರಜೆಗೆ ಬಂದಾಗ ಓಕ್ ಬ್ರೂಕ್‌ನ ವಾರ್ಷಿಕ ಔತಣದಲ್ಲಿ ಆ ಫೋಟೋ ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಬಂತು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಇವಳಿಗೆ ಯಾರೂ ಇಲ್ಲ. ಸುತ್ತಲಿನ ಮೇಜುಗಳಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಕ್ಯಾರೊಲ್ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು, ಜನ ಚಪ್ಪಾಳೆ ತಟ್ಟಿದರು. ಯಾರೂ ಇಲ್ಲವೆಂಬುದು ಸುಳ್ಳು, ಅವಳಿಗೆ ಬೀಬಿ ಇದ್ದಾಳೆ, ಜವಾದಿ ಇದ್ದಾಳೆ ಎಂದು ಹೇಳಲು ಬಾಯಿತ್ತು ನನಗೆ. ಹೇಳಲಿಲ್ಲ. ಚಪ್ಪಾಳೆ ಹಿತವಾಗಿತ್ತು. ಚೌಕಟ್ಟು ಹಾಕಿಸಿ ಕೊಟ್ಟ ಅದರ ಪ್ರತಿಯನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ಜೋಪಾನವಾಗಿ ಕೊಂಡೊಯ್ದು ಕೇಂದ್ರದ ಕಚೇರಿಯಲ್ಲಿ ತೂಗುಹಾಕಿದೆ.

ಆರು ತಿಂಗಳಾಗಿರಬಹುದು. ಮಧ್ಯಾಹ್ನದ ಊಟದ ಹೊತ್ತು. ಮಾಮಾ ಜುಮಾ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು, "ಮಾಮಾ ನೇಮಾ!"

"ಓ," ಎಂದೆ ನಾನು.

"ಓ," ಎಂದಿತು ಇನ್ನೊಂದು ದನಿ, ಗೇಟಿನ ಹತ್ತಿರದಿಂದ.

ಪಟ್ಟಣದ ಚಪ್ಪಲಿ ಹಾಕಿಕೊಂಡ ಒಬ್ಬ ತೆಳ್ಳನೆಯ ಹೆಂಗಸು ನಿಂತಿದ್ದಳು, ಕೈಯಲ್ಲಿ ಹಗ್ಗ ಬಿಗಿದ ಚೀಲ. ಊರಿನ ಯಾರೋ ತನ್ನನ್ನು ಗುರುತು ಹಿಡಿದು ಕರೆದರೆಂಬ ಸಂತೋಷ ಇನ್ನೂ ಅವಳ ಮುಖದ ಮೇಲಿತ್ತು. ಅವಳ ಹಿಂದೆ ಬೀಬಿ ನೆಲ ನೋಡುತ್ತಿದ್ದಳು. ಜವಾದಿ ನನ್ನನ್ನು ನೋಡಿದಳು, ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು. ಆ ಸಂತೋಷ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ.

ಮಂಡಿಯೂರಿ ಕೂತು ಕರೆದಳು. ನೇಮಾ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಊಟದ ಹೊತ್ತು ತಪ್ಪಬಾರದೆಂದುಕೊಂಡು ಆ ತಾಯಿಯ ಎದುರಿಗೇ, "ಉಳಿದದ್ದು ಯಾರಿಗೆ?" ಎಂದು ಮಗುವಿನ ಬಾಯಿಗೆ ತುತ್ತಿಟ್ಟೆ.

"ನಂಗೆ!" ಎಂದಳು ನೇಮಾ.

ಜವಾದಿಗೆ ನೀರು ಕೊಡೋಣವೆಂದು ಕಚೇರಿಗೆ ಕರೆದೊಯ್ದರೆ ಅಲ್ಲಿ ಗೋಡೆಯ ಮೇಲೆ ಆ ಫೋಟೋ. ಅವಳು ಅದರ ಕೆಳಗಿನ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿದಳು.

"'ನೋ ಒನ್' ಅಂದ್ರೆ ಯಾರೂ ಇಲ್ಲ ಅಂತ ಅಲ್ವಾ ಮ್ವಾಲಿಮು? ನನ್ನ ಯಜಮಾನಿ ಫೋನಲ್ಲಿ ಇದನ್ನೇ ಹೇಳ್ತಾ ಇರ್ತಾಳೆ, ಮನೇಲಿ ನೋ ಒನ್ ಅಂತ. ಆಗೆಲ್ಲ ನಾನು ಅಡುಗೆಮನೇಲಿ ಇರ್ತೀನಿ."

ನಾನು ನೀರಿನ ಲೋಟ ಮುಂದಿಟ್ಟೆ. ಯಜಮಾನಿ ಹಿಂದಿನ ಕೋಣೆಯಲ್ಲಿ ಮಗುವನ್ನು ಇಟ್ಟುಕೊಳ್ಳಲು ಒಪ್ಪಿದ್ದಾಳೆ, ಹತ್ತು ದಿನದ ರಜೆ ಕೊಟ್ಟಿದ್ದಾಳೆ, ಬರುವ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು.

ಓಕ್ ಬ್ರೂಕ್‌ಗೆ ಫೋನ್ ಮಾಡಿದೆ. ಕ್ಯಾರೊಲ್ ಕೆಟ್ಟವಳಲ್ಲ, ಆದರೆ ಅವಳಿಗೆ ಕಾಣುತ್ತಿದ್ದುದು ನರ್ಸಿನ ಆ ಕೆಂಪು ಗೆರೆ. ಮಗು ಬೇರೆಯವರ ಕೈಯಲ್ಲಿ ಉಣ್ಣುವುದಿಲ್ಲ ಎಂದರೆ ಅಲ್ಲಿ ಹೋಗಿ ಮತ್ತೆ ಸೊರಗುತ್ತದೆ, ತಾಯಿಗೆ ಬುದ್ಧಿ ಹೇಳಿ ಇಲ್ಲೇ ಉಳಿಸಿಕೊಳ್ಳಿ ಎಂದಳು. ಅವಳು ಹಾಗೆ ಹೇಳಲೆಂದೇ ನಾನು ಫೋನ್ ಮಾಡಿದ್ದೆ ಅಂತ ರಿಸೀವರ್ ಇಟ್ಟ ಮೇಲೆ ನನಗೆ ತಿಳಿಯಿತು.

ಮಾರನೆಯ ಬೆಳಿಗ್ಗೆ ಬೀಬಿ ಎಲ್ಲರಿಗಿಂತ ಮೊದಲು ಬಂದಳು. ಒಬ್ಬಳೇ.

"ನೀನು ಓದಿದವಳು. ಮಗೂನ ಇಲ್ಲೇ ಬಿಡು ಅಂತ ನೀನು ಒಂದು ಮಾತು ಅಂದ್ರೆ ನನ್ನ ಮಗಳು ಅಳ್ತಾ ಅಳ್ತಾ ಒಪ್ಕೊಂಡ್ಬಿಡ್ತಾಳೆ," ಎಂದಳು. ಹೋಗಲು ತಿರುಗಿದವಳು ನಿಂತು, "ಅನ್ಬೇಡ," ಎಂದಳು.

ಅನ್ನಲಿಲ್ಲ. ಆದರೆ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಬಸ್ಸು ಹತ್ತುವುದರೊಳಗೆ ನೇಮಾ ತಾಯಿಯ ಕೈಯಲ್ಲಿ ಉಣ್ಣಬೇಕಿತ್ತು. ಜವಾದಿ ದಿನವೂ ಮಧ್ಯಾಹ್ನ ಬಂದು ಮಾವಿನ ಮರದಡಿ ಮಗಳನ್ನು ಕೂರಿಸಿಕೊಳ್ಳುವುದು, ನಾನು ಮಗುವಿನ ಕಣ್ಣಿಗೆ ಬೀಳದಂತೆ ಇರುವುದು ಎಂದಾಯಿತು. ನಾನು ಉಗ್ರಾಣದಲ್ಲಿ ಜೋಳದ ಮೂಟೆಯ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಮೊದಲ ದಿನ ಅಳು ಕೇಳಿಸಿತು. ಎರಡನೆಯ ದಿನವೂ ಅಳು. ಮೂರನೆಯ ದಿನ ಅಳುವಿಲ್ಲ, ಅದು ಅಳುವಿಗಿಂತ ಕಷ್ಟವಾಗಿತ್ತು. ನನ್ನ ಕೈ ತನ್ನಷ್ಟಕ್ಕೆ ತಾನೇ ಚಿಲಕಕ್ಕೆ ಹೋಗುತ್ತಿತ್ತು. ಒಂದೇ ತುತ್ತು, ಒಂದೇ ಒಂದು, ಮಗು ಬಳಲಿದೆ ಎಂದು ಮನಸ್ಸು ವಕಾಲತ್ತು ಮಾಡುತ್ತಿತ್ತು. ಕೈಗಳನ್ನು ಮೂಟೆಯ ಸಂದಿಗೆ ತುರುಕಿಕೊಂಡು ಕೂತಿದ್ದೆ.

ನಾಲ್ಕನೆಯ ದಿನ ಮಾಮಾ ಜುಮಾ ಉಗ್ರಾಣಕ್ಕೆ ಬಂದು ಬಾಗಿಲು ಹಾಕಿದಳು.

"ನಿನ್ನೆಯಿಂದ ಬರೀ ಗಂಜಿ ನೀರು ಕುಡ್ದಿದೆ. ಮುಖ ತಿರುಗಿಸಲ್ಲ ಈಗ. ತಾಯಿ ಕೈ ಮುಂದೆ ಬಂದ್ರೆ ಸುಮ್ನೆ ನೋಡ್ತಾ ಕೂರುತ್ತೆ, ಏನಕ್ಕೋ ಕಾಯ್ತಿದ್ದ ಹಾಗೆ. ಏನಕ್ಕೆ ಕಾಯ್ತಿದೆ ಅದು?"

ನನಗೆ ತಿಳಿಯಿತು. ತುತ್ತಿಗಿಂತ ಮೊದಲು ಬರಬೇಕಾದ ಪ್ರಶ್ನೆಗೆ ಕಾಯುತ್ತಿತ್ತು.

ತಿಳಿದ ಕೂಡಲೇ ಎದ್ದು ಹೋದೆನೆಂದು ಬರೆದರೆ ಸುಳ್ಳಾಗುತ್ತದೆ. ಕೂತಿದ್ದೆ. ಮಗುವನ್ನು ಕೊಡಲು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಆ ನಾಲ್ಕು ಮಾತನ್ನು ಕೊಡಲು ಮಾಡಿಕೊಂಡಿರಲಿಲ್ಲ. ಅದು ನಮ್ಮಜ್ಜಿಯದು, ನನ್ನ ಇಡೀ ದಿನದ ಕನ್ನಡ ಅದೇ ಆಗಿತ್ತು. ಮಾಮಾ ಜುಮಾ ನನ್ನನ್ನೇ ನೋಡುತ್ತಾ ನಿಂತಳು. "ಬೇಗ," ಎಂದಳು, ಅಷ್ಟೆ.

ಸಂಜೆ ಬೀಬಿಯ ಮನೆಗೆ ಹೋದೆ. ಜವಾದಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ವಿಷಯ ಹೇಳಿದೆ. ಅವಳು ಪಾತ್ರೆ ಕೆಳಗಿಟ್ಟಳು.

"ನನ್ನ ಮಗಳಿಗೆ ಊಟ ಮಾಡಿಸೋದಕ್ಕೆ ನಿನ್ನ ಭಾಷೆ ಬೇಕಾ?"

"ತಪ್ಪು ನಂದು ಜವಾದಿ. ಈಗ ಬೈದ್ರೆ ಅವಳು ಉಣ್ಣಲ್ಲ. ಹೇಳ್ಕೊಡ್ತೀನಿ, ಕಲಿ. ಅಲ್ಲಿ ಹೋದ್ಮೇಲೆ ನಿಧಾನವಾಗಿ ನಿಮ್ಮ ಮಾತೇ ಹಾಕ್ಕೋ. ಕಾಗೆ ಬಿಟ್ಟು ಕೋಳಿ ಅನ್ನು, ಕರು ಬಿಟ್ಟು ಆಡು ಅನ್ನು."

ಕೆಳಗಿಟ್ಟ ಪಾತ್ರೆಯನ್ನು ಮತ್ತೆ ಎತ್ತಿಕೊಂಡು ತಿಕ್ಕಿದಳು. ಆಮೇಲೆ, "ಹೇಳು," ಎಂದಳು, ನೆಲ ನೋಡುತ್ತಾ.

ಹೇಳಿದೆ. ಕಾಗೆಗೊಂದು. ಗುಬ್ಬಿಗೊಂದು. ಅವಳ ನಾಲಿಗೆ 'ಕೊಟ್ಟಿಗೆ'ಯಲ್ಲಿ ಎಡವುತ್ತಿತ್ತು. ಬೀಬಿ ಒಳಗಿನಿಂದ ತಾನೂ ಹೇಳಿಕೊಳ್ಳುತ್ತಿದ್ದಳು, ಮಗಳಿಗಿಂತ ಚೆನ್ನಾಗಿಯೇ.

ಐದನೆಯ ದಿನ ಮಧ್ಯಾಹ್ನ ಮತ್ತೆ ಉಗ್ರಾಣದಲ್ಲಿ ಕೂತೆ. ಮರದಡಿಯಿಂದ ಜವಾದಿಯ ದನಿ ಬಂತು: "ಗುಬ್ಬಿಗೊಂದು, ಕಾಗೆಗೊಂದು..."

ಆಮೇಲೆ ನೇಮಾಳ ಗದರಿಕೆ, ಸ್ವಾಹಿಲಿಯಲ್ಲಿ: "ಅಲ್ಲ! ಮೊದಲು ಕಾಗೆ!"

"ಓ, ಮೊದಲು ಕಾಗೆಯಾ? ನಂಗೆ ಗೊತ್ತಿರ್ಲಿಲ್ಲಮ್ಮ. ನೀನೇ ಹೇಳ್ಕೊಡು."

ಮಗಳು ಹೇಳಿಕೊಟ್ಟಳು. ತಾಯಿ ಮತ್ತೆ ಬೇಕೆಂದೇ ತಪ್ಪಿಸಿದಳು. ಮಗಳು ನಕ್ಕಳು. ಇನ್ನೊಮ್ಮೆ ತಪ್ಪಿಸಿದಳು, ಇನ್ನೂ ಜೋರು ನಗು. ಇಷ್ಟು ದಿನ ನಾನು ಒಂದು ಸಲವೂ ಆ ಮಾತಿನ ಸರದಿ ತಪ್ಪಿಸಿರಲಿಲ್ಲ, ಹಾಗಾಗಿ ಈ ಆಟ ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಆ ಪ್ರಶ್ನೆ ಬಂತು, ಆ ಉತ್ತರವೂ ಬಂತು. ಆಮೇಲೆ ಅಗಿಯುವ ಸದ್ದು ಮಾತ್ರ. ಅದು ಉಗ್ರಾಣದವರೆಗೆ ಕೇಳಿಸಲಾರದು, ನನಗೆ ಕೇಳಿಸಿತು.

ಆ ಫೋಟೋವನ್ನು ಅಂದೇ ಇಳಿಸಿದೆ. ಕ್ಯಾರೊಲ್‌ಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ, ಔತಣದಲ್ಲಿ ಬಾಯಿಮುಚ್ಚಿ ಕೂತದ್ದನ್ನೂ ಸೇರಿಸಿ. ಅವಳು ಅದಕ್ಕೆ ಉತ್ತರ ಬರೆಯಲಿಲ್ಲ. ಮುಂದಿನ ವರ್ಷದ ಹ್ಯಾಂಡ್‌ಬುಕ್ಕಿನಲ್ಲಿ ಆ ಹೊಸ ನಿಯಮ ಬಂತು. ಈಗ ಎರಡು ವರ್ಷದ ಮಕ್ಕಳೂ ತಗ್ಗು ಮೇಜಿನ ಮುಂದೆ ಕೂತು ತಾವೇ ಬಡಿಸಿಕೊಂಡು, ಚೆಲ್ಲಿಕೊಂಡು, ತಾವೇ ಒರೆಸುತ್ತವಂತೆ. ಒಳ್ಳೆಯ ಪದ್ಧತಿ. ಅನಘಾ, ಅದನ್ನು ನೀನು ಮುರಿಯಬೇಡ. ಮುರಿಯಬೇಕೆಂದು ಅನ್ನಿಸುವ ದಿನ ಬರುತ್ತದೆ. ಆ ದಿನ ಹಸಿದವರು ಯಾರೆಂದು ಮೊದಲು ನೋಡಿಕೋ.

ಶನಿವಾರ ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗಬಾರದೆಂದುಕೊಂಡಿದ್ದೆ. ಜವಾದಿಯೇ ಹೇಳಿಕಳಿಸಿದಳು. ನೇಮಾ ಕಿಟಕಿಯ ಪಕ್ಕ ತಾಯಿಯ ತೊಡೆಯ ಮೇಲೆ ಕೂತು ಬಸ್ಸಿನ ಹಾರ್ನ್‌ಗೆ ಮನಸೋತಿದ್ದಳು. ನನ್ನ ಕಡೆ ಒಮ್ಮೆ ಕೈಬೀಸಿ ಮತ್ತೆ ಡ್ರೈವರನ ಕಡೆ ತಿರುಗಿದಳು. ಜವಾದಿ ಕಿಟಕಿಯಿಂದ ಬಗ್ಗಿದಳು.

"ಮುಂದೆ ಇವಳು ಕೇಳಿದ್ರೆ, ಅಲ್ಲಿದ್ದೋರು ಯಾರು ಅಂತ, ಏನು ಹೇಳ್ಲಿ?"

ಹತ್ತು ದಿನದಲ್ಲಿ ಅವಳು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನಾನು ಬಯಸಿದ ಉತ್ತರಗಳು ಗಂಟಲಿನವರೆಗೆ ಬಂದವು. ಅವಳ ಕಣ್ಣಿನಲ್ಲಿದ್ದ ಹೆದರಿಕೆ ನೋಡಿ ನುಂಗಿಕೊಂಡೆ.

"ಕೇಳೋದಿಲ್ಲ ಜವಾದಿ. ಮೂರು ವರ್ಷದ ಮಕ್ಕಳಿಗೆ ಏನೂ ನೆನಪಿರಲ್ಲ. ಮಳೆಗಾಲ ಬರೋ ಹೊತ್ತಿಗೆ ಮರ್ತಿರ್ತಾಳೆ, ನೋಡ್ತಿರು."

ಅವಳು ನಕ್ಕಳು. ಮನಸ್ಸು ಹಗುರಾಗಿ, ಕಿಟಕಿಯಿಂದ ಕೈಚಾಚಿ ನನ್ನ ಕೈ ಹಿಡಿದುಕೊಂಡಳು. ಬಸ್ಸು ಹೊರಟಿತು.

ಆ ವರ್ಷ ಮಳೆ ಸ್ವಲ್ಪ ತಡವಾಗಿ ಬಂತು. ತಗಡಿನ ಮೇಲೆ ಮೊದಲ ಹನಿ ಬಿದ್ದ ಸಂಜೆ ದೀಪ ಹಚ್ಚಿ, ನೇಮಾ ನನ್ನನ್ನು ಮರೆತಿರಲಿ ತಂದೆ ಎಂದು ಕೈಮುಗಿದೆ. ಪೂರ್ತಿ ಮನಸ್ಸಿನಿಂದಲ್ಲ. ಆಗ ಅರ್ಧ ಮನಸ್ಸಿತ್ತು. ಇಲ್ಲಿ ಸ್ಕೋಕಿಯಲ್ಲಿ ಒಬ್ಬಳೇ ಉಣ್ಣಲು ಕೂರುವ ಈ ದಿನಗಳಲ್ಲಿ, ಅವಳು ಮರೆಯಲೆಂಬ ಆ ಅರ್ಧವೂ ಇಲ್ಲ.